ಕಅಬಾದ ಮೊದಲ ಫೋಟೋ ತೆಗೆದ ಸಾದಿಕ್ ಬೇ

ಮಕ್ಕಾ ಮದೀನಾದ ಚಿತ್ರ ಇಲ್ಲದ ಬ್ಯಾರಿ ಮನೆ ಹುಡುಕಿದರೂ ಸಿಗುವುದು ಕಷ್ಟ. ಹಜ್ಜಿಗೆ ಹೋದವರು ಝಮ್‌ಝಮ್ ನೀರು, ಖರ್ಜೂರ, ತಸ್ಬೀಹ್ ಜೊತೆಗೆ ತಪ್ಪದೆ ತರುತ್ತಿದ್ದ ಸಾಮಾನು ಅದು. ಅದಕ್ಕೆ ಕಟ್ಟು ಹಾಕಿಸಿ ಚಾವಡಿಯ ಗೋಡೆಗೆ ತೂಗುಹಾಕಿದರೆ ಮನೆಗೊಂದು ಕಳೆ. ಹಜ್ಜಿಗೆ ಹೋಗಲಾಗದ ಅಜ್ಜಿಯಂದಿರು ಆ ಚಿತ್ರವನ್ನೇ ನೋಡುತ್ತಾ ಕಣ್ಣೊರೆಸಿಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಈಗ ಬಿಡಿ, ಮೊಬೈಲ್ ಒತ್ತಿದರೆ ಹರಮಿನ ತವಾಫ್ ಕೈಯಲ್ಲೇ ಕಾಣುತ್ತದೆ.

ಒಮ್ಮೆ ಮದ್ರಸದಲ್ಲಿ ಹಜ್ಜಿನ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಕಅಬಾದ ಫೋಟೋವನ್ನು ಮೊಟ್ಟಮೊದಲು ತೆಗೆದವರು ಯಾರು ಅಂತ. ಕಅಬಾ ಕಟ್ಟಿದವರು ಯಾರು, ಅದರ ಬೀಗದ ಕೈ ಯಾರ ವಂಶದ ಹತ್ತಿರ ಇದೆ, ಕಿಸ್ವಾ ಎಲ್ಲಿಂದ ಬರುತ್ತಿತ್ತು, ಇದೆಲ್ಲ ನಮಗೆ ಬಾಯಿಪಾಠ. ಈ ಪ್ರಶ್ನೆಗೆ ಮಾತ್ರ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇವೆ ಎಂದು ಅವನನ್ನು ಕೂರಿಸಿದೆವು. ಆ ನಾಳೆ ಬರಲು ತಿಂಗಳುಗಳೇ ಹಿಡಿದವು. ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರು ಮುಹಮ್ಮದ್ ಸಾದಿಕ್ ಬೇ. ಈಜಿಪ್ಟಿನ ಸೈನ್ಯದ ಒಬ್ಬ ಇಂಜಿನಿಯರ್. ಆ ಹುಡುಗನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಕೈರೋದಿಂದ ಪ್ಯಾರಿಸಿಗೆ

ಸಾದಿಕ್ ಹುಟ್ಟಿದ್ದು ಕೈರೋದಲ್ಲಿ, 19ನೇ ಶತಮಾನದ ಮೊದಲ ಭಾಗದಲ್ಲಿ. ಆಗ ಈಜಿಪ್ಟ್ ಹೆಸರಿಗೆ ಉಸ್ಮಾನಿ ಸುಲ್ತಾನರ ಕೈಕೆಳಗಿತ್ತು, ಆದರೆ ಆಡಳಿತವೆಲ್ಲ ಮುಹಮ್ಮದ್ ಅಲಿ ಪಾಶಾ ಮತ್ತು ಅವರ ಮನೆತನದ್ದು. ಯೂರೋಪಿನವರ ಸೈನ್ಯದ ಮುಂದೆ, ಅವರ ಯಂತ್ರಗಳ ಮುಂದೆ ತಮ್ಮವರು ಹಿಂದೆ ಬಿದ್ದಿದ್ದಾರೆ ಎಂಬುದು ಪಾಶಾರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ 1826ರಿಂದಲೇ ಹುಡುಗರನ್ನು ಆರಿಸಿ ಓದಲು ಪ್ಯಾರಿಸಿಗೆ ಕಳಿಸುವ ಪರಿಪಾಠ ಹಾಕಿದರು. ವೈದ್ಯ, ಇಂಜಿನಿಯರಿಂಗ್, ನಕ್ಷೆ ಬರೆಯುವುದು, ಅಚ್ಚಿನ ಕೆಲಸ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ.

ಸಾದಿಕ್ ಕೂಡ ಕೈರೋದಲ್ಲಿ ಸೈನಿಕ ಶಿಕ್ಷಣ ಪಡೆದು, ಆಮೇಲೆ ಪ್ಯಾರಿಸಿಗೆ ಹೋಗಿ ಇಂಜಿನಿಯರಿಂಗ್ ಕಲಿತವರು. ಭೂಮಿ ಅಳೆಯುವುದು, ನಕ್ಷೆ ಬರೆಯುವುದು ಅವರ ಕಸುಬಾಯಿತು. ಅದರ ಜೊತೆಗೆ ಇನ್ನೊಂದು ವಿದ್ಯೆಯೂ ಅವರಿಗೆ ಒಲಿಯಿತು. ಅದೇ ಫೋಟೋ ತೆಗೆಯುವ ವಿದ್ಯೆ.

ಫೋಟೋ ಎಂಬುದು ಆಗ ತೀರಾ ಹೊಸತು. ಫ್ರಾನ್ಸಿನ ಡಗೇರ್ ಎಂಬವರ ವಿಧಾನ ಲೋಕಕ್ಕೆ ತಿಳಿದದ್ದು 1839ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಇಬ್ಬರು ಫ್ರೆಂಚರು ಕ್ಯಾಮರಾ ಹಿಡಿದು ಈಜಿಪ್ಟಿಗೆ ಬಂದು ಅಲೆಗ್ಸಾಂಡ್ರಿಯಾದಲ್ಲಿ ಮುಹಮ್ಮದ್ ಅಲಿ ಪಾಶಾರ ಅರಮನೆಯ ಚಿತ್ರ ತೆಗೆದಿದ್ದರು. ಆಮೇಲೆ ಯೂರೋಪಿನಿಂದ ಒಬ್ಬರ ಹಿಂದೆ ಒಬ್ಬರು ಬಂದರು. ಪಿರಮಿಡ್, ಫಿರ್ಔನರ ಕಾಲದ ಕಲ್ಲಿನ ಗುಡಿಗಳು, ಬೈತುಲ್ ಮುಕದ್ದಸ್, ದಮಾಸ್ಕಸ್, ಒಂದನ್ನೂ ಬಿಡಲಿಲ್ಲ. ಆ ಚಿತ್ರಗಳ ಪುಸ್ತಕಗಳು ಲಂಡನ್, ಪ್ಯಾರಿಸಿನಲ್ಲಿ ಮಾರಾಟವಾದವು.

ಆದರೆ ಎರಡು ಊರುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಮಕ್ಕಾ ಮತ್ತು ಮದೀನಾ. ಅಲ್ಲಿಗೆ ಕ್ಯಾಮರಾ ಹೋಗಬೇಕಾದರೆ ಅದನ್ನು ಹಿಡಿದ ಕೈ ಮುಸ್ಲಿಮನದ್ದೇ ಆಗಿರಬೇಕಿತ್ತು. ಆ ವಿದ್ಯೆ ಬಲ್ಲ ಮುಸ್ಲಿಮರಾದರೋ ಬೆರಳೆಣಿಕೆಯವರು.

1861: ಮದೀನಾದ ದಾರಿ

1861ರಲ್ಲಿ ಈಜಿಪ್ಟ್ ಆಳುತ್ತಿದ್ದವರು ಸಯೀದ್ ಪಾಶಾ. ಕೆಂಪು ಸಮುದ್ರದ ದಡದ ಅಲ್ ವಜ್ಹ್ ಎಂಬ ಬಂದರಿನಿಂದ ಮದೀನಾದವರೆಗಿನ ದಾರಿಯನ್ನು ಅಳೆದು ವರದಿ ಕೊಡುವ ಕೆಲಸ ಸಾದಿಕರ ಪಾಲಿಗೆ ಬಂತು. ನೇರ ಗೆರೆ ಎಳೆದರೂ 350 ಕಿಲೋಮೀಟರ್ ಮೀರುವ ದಾರಿ ಅದು. ಬೆಟ್ಟ, ಬಂಡೆ, ಮರಳು, ನಡುನಡುವೆ ಬಾವಿಗಳು. ಸೈನ್ಯವೋ ಹಾಜಿಗಳ ತಂಡವೋ ಹೋಗಬೇಕಾದರೆ ಎಲ್ಲಿ ತಂಗಬೇಕು, ಯಾವ ಬಾವಿಯ ನೀರು ಸಿಹಿ, ಯಾವುದು ಉಪ್ಪು, ಒಂದು ತಂಗುದಾಣದಿಂದ ಇನ್ನೊಂದಕ್ಕೆ ಎಷ್ಟು ಗಂಟೆ, ಇವೆಲ್ಲ ಗೊತ್ತಿರಬೇಕು. ಮರುಭೂಮಿಯಲ್ಲಿ ಈ ಲೆಕ್ಕ ತಪ್ಪಿದರೆ ಜೀವ ಹೋಗುತ್ತದೆ, ಅಷ್ಟೇ.

ಸರಕಾರ ಕೇಳಿದ್ದು ದಾರಿಯ ಲೆಕ್ಕವನ್ನು. ಫೋಟೋ ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಅವರು ಅಳತೆಯ ಸಲಕರಣೆಗಳ ಜೊತೆ ಕ್ಯಾಮರಾವನ್ನೂ ಒಂಟೆಯ ಮೇಲೆ ಹೇರಿಸಿದರು.

ಕ್ಯಾಮರಾ ಎಂದರೆ ಇವತ್ತಿನ ಹಾಗೆ ಜೇಬಿಗೆ ಹಾಕುವ ವಸ್ತು ಅಲ್ಲ. ಮರದ ದೊಡ್ಡ ಪೆಟ್ಟಿಗೆ, ಅದಕ್ಕೆ ಮೂರು ಕಾಲಿನ ಸ್ಟ್ಯಾಂಡ್, ಗಾಜಿನ ಹಲಗೆಗಳ ಕಟ್ಟು, ಔಷಧಿ ಬಾಟಲಿಗಳು, ಕತ್ತಲು ಮಾಡಿಕೊಳ್ಳಲು ಒಂದು ಗುಡಾರ. ಒಂದು ಚಿತ್ರ ತೆಗೆಯುವ ಕೆಲಸ ಹೀಗಿತ್ತು. ಗಾಜಿನ ಹಲಗೆಯನ್ನು ಒಂದು ಕಣ ಧೂಳೂ ಇಲ್ಲದ ಹಾಗೆ ಒರೆಸಬೇಕು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಒಂದೇ ಸಮ ಹರಿಸಬೇಕು. ಗುಡಾರದ ಕತ್ತಲಲ್ಲಿ ಅದನ್ನು ಬೆಳ್ಳಿಯ ಉಪ್ಪಿನ ನೀರಿನಲ್ಲಿ ಅದ್ದಬೇಕು. ಹಸಿ ಇರುವಾಗಲೇ ಓಡಿಹೋಗಿ ಪೆಟ್ಟಿಗೆಗೆ ಸೇರಿಸಿ, ಕೆಲವು ಸೆಕೆಂಡು ಬೆಳಕು ತೋರಿಸಿ, ಮತ್ತೆ ಗುಡಾರಕ್ಕೆ ಓಡಿಬಂದು ಇನ್ನೊಂದು ದ್ರವ ಹಾಕಿ ಚಿತ್ರ ಎಬ್ಬಿಸಬೇಕು, ತೊಳೆಯಬೇಕು. ಇದೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಹಲಗೆ ಒಣಗಿತೋ, ಕೆಲಸ ಕೆಟ್ಟಿತು.

ಯೂರೋಪಿನ ತಂಪು ಹವೆಯಲ್ಲೇ ಇದು ಕಷ್ಟ. ಹಿಜಾಝಿನ ಬಿಸಿಲಲ್ಲಿ ಹೇಗಿರಬೇಡ? ದ್ರವ ಹಾಕುತ್ತಿದ್ದ ಹಾಗೆಯೇ ಆವಿಯಾಗುತ್ತದೆ. ಗಾಳಿಗೆ ಮರಳು ಹಾರಿ ಹಸಿ ಹಲಗೆಗೆ ಅಂಟುತ್ತದೆ. ತೊಳೆಯಲು ಒಳ್ಳೆಯ ನೀರು ಬೇಕು, ಅಲ್ಲಿಯ ನೀರೋ ಕುಡಿಯಲು ಸಾಕಾದರೆ ಪುಣ್ಯ. ಇಷ್ಟೆಲ್ಲ ಆದ ಮೇಲೆ ಆ ಗಾಜು ಒಡೆಯದ ಹಾಗೆ ಒಂಟೆಯ ಬೆನ್ನ ಮೇಲೆ ವಾಪಸು ಬರಬೇಕು. ಒಂಟೆ ಸವಾರಿ ಮಾಡಿದವರಿಗೆ ಗೊತ್ತು, ಅದು ಹೇಗೆ ಕುಲುಕುತ್ತದೆ ಎಂದು.

ಮದೀನಾ ತಲುಪಿದ ಸಾದಿಕ್ ಊರಿನ ಕೋಟೆಗೋಡೆ, ಮನೆಗಳ ಸಾಲು, ಅದರ ನಡುವೆ ಎದ್ದು ನಿಂತ ಮಸ್ಜಿದುನ್ನಬವಿಯ ಮಿನಾರ ಮತ್ತು ಹಸಿರು ಗುಂಬಝನ್ನು ಎತ್ತರದ ಜಾಗದಿಂದ ಗಾಜಿಗೆ ಇಳಿಸಿದರು. ಮದೀನಾದ ಫೋಟೋಗಳಲ್ಲಿ ನಮಗೆ ಗೊತ್ತಿರುವ ಮೊತ್ತಮೊದಲನೆಯವು ಇವೇ. ಇಂಥ ಕೆಲಸ ತನಗಿಂತ ಮುಂಚೆ ಯಾರೂ ಮಾಡಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಅದನ್ನು ತಮ್ಮ ಬರಹದಲ್ಲಿ ಹೇಳಿಕೊಂಡಿದ್ದಾರೆ.

ಆ ಹೊತ್ತು ಎಂಥದ್ದು ಎಂದು ಸ್ವಲ್ಪ ಗಮನಿಸಿ. ಸುಲ್ತಾನ್ ಅಬ್ದುಲ್ ಮಜೀದ್ ಮಸ್ಜಿದುನ್ನಬವಿಯ ಬಹುಭಾಗವನ್ನು ಹೊಸದಾಗಿ ಕಟ್ಟಿಸುವ ಕೆಲಸ 1849ರಿಂದ ಹತ್ತು ಹನ್ನೆರಡು ವರ್ಷ ನಡೆದಿತ್ತು. ಕೆಂಪು ಕಲ್ಲಿನ ಕಂಬಗಳ ಆ ಭಾಗವನ್ನು ಇವತ್ತಿಗೂ ಝಿಯಾರತಿಗೆ ಹೋದವರು ನೋಡುತ್ತಾರೆ. ಸಾದಿಕ್ ಹೋದದ್ದು ಸರಿಯಾಗಿ ಆ ಕೆಲಸ ಮುಗಿಯುವ ಕಾಲಕ್ಕೆ. ಗುಂಬಝಿಗೆ ಹಸಿರು ಬಣ್ಣ ಬಂದದ್ದೂ ಅದಕ್ಕಿಂತ ಹೆಚ್ಚು ಹಿಂದೆ ಅಲ್ಲ, 1837ರಲ್ಲಿ. ಫೋಟೋ ಕಪ್ಪು ಬಿಳುಪು, ಹಸಿರು ಕಾಣುವುದಿಲ್ಲ. ಆದರೂ ನೋಡಿದ ತಕ್ಷಣ ಯಾರ ಬಾಯಲ್ಲೂ ಸಲಾತ್ ಬಾರದೆ ಇರದು.

ಚಿತ್ರ ತೆಗೆದು ಅವರು ಸುಮ್ಮನಾಗಲಿಲ್ಲ. ಮಸೀದಿಯ ಅಳತೆ ತೆಗೆದು ಕ್ರಮವಾದ ನಕ್ಷೆ ಬರೆದರು. ಈ ಪ್ರಯಾಣದ ವಿವರ ಪುಸ್ತಕವಾಗಿ ಬಂದದ್ದು 1877ರಲ್ಲಿ. ಓದಿದರೆ ಒಬ್ಬ ಲೆಕ್ಕದ ಮನುಷ್ಯ ಬರೆದದ್ದು ಎಂದು ಗೊತ್ತಾಗುತ್ತದೆ. ಭಾವನೆಯ ಮಾತು ಕಡಿಮೆ, ದಾರಿ, ಬಾವಿ, ಹವೆ, ಗಂಟೆಗಳ ಲೆಕ್ಕ ಹೆಚ್ಚು. ಪ್ರವಾದಿ(ಸ)ರ ಊರಿನ ಮೇಲೆ ಅವರಿಗೆ ಎಷ್ಟು ಪ್ರೀತಿ ಇತ್ತು ಎಂಬುದನ್ನು ಆ ಲೆಕ್ಕದ ಶಿಸ್ತಿನಲ್ಲೇ ನಾವು ನೋಡಬೇಕು.

1880: ಮಹ್ಮಲಿನ ಖಜಾಂಚಿ

ಇದಾಗಿ ಹತ್ತೊಂಬತ್ತು ವರ್ಷ ಕಳೆಯಿತು. 1880ರಲ್ಲಿ ಸಾದಿಕರಿಗೆ ಇನ್ನೊಂದು ಜವಾಬ್ದಾರಿ ಬಂತು. ಈಜಿಪ್ಟಿನ ಮಹ್ಮಲ್ ಜೊತೆಗೆ ಹೋಗುವ ಖಜಾಂಚಿಯ ಕೆಲಸ, ಅರಬಿಯಲ್ಲಿ ಅಮೀನುಸ್ಸುರ್ರ.

ಮಹ್ಮಲ್ ಅಂದರೆ ಏನು ಎಂದು ಹೊಸ ತಲೆಮಾರಿಗೆ ಹೇಳಬೇಕು. ಕಸೂತಿ ಮಾಡಿದ ಬಟ್ಟೆ ಹೊದಿಸಿದ ಒಂದು ಮೇನೆಯನ್ನು ಒಂಟೆಯ ಮೇಲೆ ಕಟ್ಟಿ, ಹಾಜಿಗಳ ಮೆರವಣಿಗೆಯ ಜೊತೆ ಕೈರೋದಿಂದ ಮಕ್ಕಾಕ್ಕೆ ಕಳಿಸುವ ಪದ್ಧತಿ ಅದು. ಮಮ್ಲೂಕ್ ಸುಲ್ತಾನರ ಕಾಲದಿಂದ ಬಂದದ್ದು. ಕಅಬಾಕ್ಕೆ ಹೊದಿಸುವ ಕಿಸ್ವಾ ನೇಯುತ್ತಿದ್ದುದೂ ಕೈರೋದಲ್ಲೇ, ಖುರುನ್‌ಫಿಶ್ ಎಂಬ ಜಾಗದ ಕಾರ್ಖಾನೆಯಲ್ಲಿ. ಅದೂ ಇದೇ ತಂಡದ ಜೊತೆ ಹೋಗುತ್ತಿತ್ತು. ಸುರ್ರ ಎಂದರೆ ಹರಮೈನಿಯ ಜನರಿಗೆ, ಅಲ್ಲಿಯ ಸೇವಕರಿಗೆ, ದಾರಿಯಲ್ಲಿ ಹಾಜಿಗಳನ್ನು ಕಾಯುವ ಬದವೀ ಕುಲದವರಿಗೆ ಈಜಿಪ್ಟ್ ಪ್ರತಿವರ್ಷ ಕಳಿಸುತ್ತಿದ್ದ ಹಣ. ಅದರ ಪೈಸೆ ಪೈಸೆಗೂ ಲೆಕ್ಕ ಇಡಬೇಕಾದವರು ಈ ಅಮೀನ್. ಹೆಸರೇ ಹೇಳುವ ಹಾಗೆ ಅಮಾನತ್ತಿನ ಕೆಲಸ.

ಆ ಸಲ ತಂಡ ಹೋದದ್ದು ನೆಲದ ದಾರಿಯಲ್ಲಿ, ಒಂಟೆಗಳ ಮೇಲೆ. ಸೂಯೆಝ್ ಕಾಲುವೆ 1869ರಲ್ಲೇ ತೆರೆದಿತ್ತು, ಹೊಗೆ ಹಡಗುಗಳೂ ಓಡುತ್ತಿದ್ದವು. ಆದರೂ ಮಹ್ಮಲ್ ಹಳೆಯ ದಾರಿಯಲ್ಲೇ ಹೊರಟಿತು. ಸಾದಿಕ್ ಈ ಸಲವೂ ಕ್ಯಾಮರಾ ಮರೆಯಲಿಲ್ಲ.

ಮಕ್ಕಾದಲ್ಲಿ ಅವರು ಮಸ್ಜಿದುಲ್ ಹರಾಮಿನ ಚಿತ್ರ ತೆಗೆದರು. ಕಅಬಾ ನಡುವೆ, ಸುತ್ತ ಮತಾಫ್, ಅದರ ಆಚೆ ಉಸ್ಮಾನಿಗಳು ಕಟ್ಟಿಸಿದ ಸಾಲು ಗುಂಬಝುಗಳ ಪಡಸಾಲೆ, ಅದರ ಹಿಂದೆ ಬೆಟ್ಟಕ್ಕೆ ಅಂಟಿಕೊಂಡ ಹಾಗೆ ಮನೆಗಳು. ಮಕ್ಕಾದ ಫೋಟೋಗಳಲ್ಲಿ ಮೊದಲನೆಯವು ಇವು. ಆಮೇಲೆ ಮಿನಾದ ಗುಡಾರಗಳು, ಅರಫಾದ ಬಯಲು, ಜಬಲ್ ರಹ್ಮ. ಮದೀನಾಕ್ಕೆ ಹೋಗಿ ಅಲ್ಲಿಯೂ ಮತ್ತೆ ಚಿತ್ರ ತೆಗೆದರು.

ಆ ಕಾಲದ ಕ್ಯಾಮರಾಕ್ಕೆ ಕೆಲವು ಸೆಕೆಂಡು ಬೇಕು ಎಂದೆವಲ್ಲ. ಅಷ್ಟು ಹೊತ್ತಿನಲ್ಲಿ ನಡೆಯುತ್ತಿರುವ ಮನುಷ್ಯ ಚಿತ್ರದಲ್ಲಿ ಮಂಜಿನ ಹಾಗೆ ಕರಗಿ ಹೋಗುತ್ತಾನೆ. ತವಾಫ್ ಮಾಡುವವರು ಹೀಗೆ ಕರಗುತ್ತಾರೆ, ಸಫ್ ಕಟ್ಟಿ ಅಲುಗಾಡದೆ ನಿಂತವರು ಉಳಿಯುತ್ತಾರೆ. ಕಅಬಾ ಮಾತ್ರ ಎಲ್ಲ ಚಿತ್ರದಲ್ಲೂ ಹಾಗೇ ಇರುತ್ತದೆ. ಇದು ಯಂತ್ರದ ಮಿತಿ ಅಷ್ಟೇ. ಆದರೂ ನೋಡುವಾಗ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ.

ಅವರು ತೆಗೆದದ್ದು ಹೆಚ್ಚಾಗಿ ಕಟ್ಟಡ, ಬೆಟ್ಟ, ಬಯಲು, ಊರಿನ ನೋಟ. ಮನುಷ್ಯರ ಚಿತ್ರ ಕೆಲವೇ ಕೆಲವು. ಅವುಗಳಲ್ಲಿ ಒಂದು, ಆಗ ಕಅಬಾದ ಬೀಗದ ಕೈ ಇಟ್ಟುಕೊಂಡಿದ್ದ ಶೈಖ್ ಉಮರ್ ಶೈಬೀ ಅವರದ್ದು. ಮಕ್ಕಾ ವಿಜಯದ ದಿನ ಪ್ರವಾದಿ(ಸ)ರು ಉಸ್ಮಾನ್ ಇಬ್ನ್ ತಲ್ಹಾ(ರ)ರಿಗೆ ವಾಪಸು ಕೊಟ್ಟ ಕೀಲಿ ಕೈ ಅದೇ ವಂಶದಲ್ಲಿ ಮುಂದುವರಿಯುತ್ತಾ ಬಂದದ್ದು ನಾವು ಮಕ್ಕಳಿಗೆ ಹೇಳಿಕೊಡುವ ಪಾಠ. ಆ ವಂಶದ ಒಬ್ಬರ ಮುಖವನ್ನು 1880ರ ಚಿತ್ರದಲ್ಲಿ ನೋಡುವಾಗ ಪಾಠಕ್ಕೆ ಜೀವ ಬಂದ ಹಾಗೆ ಆಗುತ್ತದೆ.

ಫೋಟೋ ಸರಿಯೇ ಎಂಬ ಮಾತು

ಇಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು. ಫೋಟೋ ತೆಗೆಯುವುದು ಸರಿಯೇ? ಉಲಮಾಗಳು ಈ ವಿಷಯವನ್ನು ಸಾಕಷ್ಟು ಚರ್ಚಿಸಿದ್ದಾರೆ. ಜೀವ ಇರುವವುಗಳ ಚಿತ್ರದ ಬಗ್ಗೆ ಭಿನ್ನಾಭಿಪ್ರಾಯ ಇದೆ. ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ 20ನೇ ಶತಮಾನದ ಮೊದಲ ಭಾಗದಲ್ಲಿ ಕ್ಯಾಮರಾದ ಚಿತ್ರ ಬೇರೆ, ಕೈಯಿಂದ ಬಿಡಿಸಿದ ಚಿತ್ರ ಬೇರೆ ಎಂದು ವಾದಿಸಿ ಇದಕ್ಕಾಗಿಯೇ ಒಂದು ಕಿರು ಗ್ರಂಥ ಬರೆದರು. ಒಪ್ಪಿದವರಿದ್ದಾರೆ, ಒಪ್ಪದವರೂ ಇದ್ದಾರೆ. ಕಟ್ಟಡ, ಮರ, ಬೆಟ್ಟಗಳ ಚಿತ್ರದ ಬಗ್ಗೆ ಮಾತ್ರ ಅಂಥ ತಕರಾರು ಇಲ್ಲ. ಸಾದಿಕರ ಚಿತ್ರಗಳಲ್ಲಿ ಹೆಚ್ಚಿನವು ಅಂಥವೇ. ಈ ಚರ್ಚೆ ದೊಡ್ಡವರಿಗೆ ಬಿಡೋಣ, ನಾವು ಕತೆಗೆ ಬರೋಣ.

ವೆನಿಸಿನ ಚಿನ್ನದ ಪದಕ

1881ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಲೋಕದ ಭೂಗೋಳ ಪಂಡಿತರ ಮೂರನೇ ಸಮ್ಮೇಳನ ನಡೆಯಿತು. ಸಾದಿಕರ ಮಕ್ಕಾ ಮದೀನಾದ ಚಿತ್ರಗಳನ್ನು ಅಲ್ಲಿ ಇಟ್ಟರು. ಪಂಡಿತರು ಬೆರಗಾದರು. ಎಷ್ಟೋ ಯೂರೋಪಿಯನ್ನರು ವೇಷ ಮರೆಸಿ, ಹೆಸರು ಬದಲಿಸಿ ನೋಡಲು ಹೋದ ಊರಿನ ನಿಜವಾದ ನೋಟ ಅವರ ಕಣ್ಣ ಮುಂದೆ ಇತ್ತು. ಸಾದಿಕರಿಗೆ ಚಿನ್ನದ ಪದಕ ಸಿಕ್ಕಿತು. ಅದೇ ವರ್ಷ ಅವರ ಚಿತ್ರಗಳ ಆಲ್ಬಮ್ ಬಂತು. ಮಹ್ಮಲ್ ಪ್ರಯಾಣದ ವಿವರವನ್ನು ಅರಬಿಯಲ್ಲಿ ಪುಸ್ತಕ ಮಾಡಿದರು.

ಮುಂದೆ ಅವರು ಮತ್ತೆ ಮಹ್ಮಲ್ ಜೊತೆ ಹೋದರು, ಈ ಸಲ ಕಡಲ ದಾರಿಯೂ ಸೇರಿತ್ತು. ಅದರ ಮೇಲೆಯೂ ಒಂದು ಪುಸ್ತಕ ಬರೆದರು. ಕೈರೋದಲ್ಲಿ ಖದೀವ್ ಇಸ್ಮಾಯಿಲ್ 1875ರಲ್ಲಿ ಸ್ಥಾಪಿಸಿದ್ದ ಭೂಗೋಳ ಸಂಘದಲ್ಲಿಯೂ ಸಾದಿಕ್ ಸದಸ್ಯರಾಗಿದ್ದರು. ಸೈನ್ಯದಲ್ಲಿ ಮೇಲೇರಿ ಪಾಶಾ ಎಂಬ ಬಿರುದು ಪಡೆದರು. 1896ರಲ್ಲಿ ಹಾಜಿಗಳಿಗೆಂದೇ ಒಂದು ಮಾರ್ಗದರ್ಶಿ ತಂದರು, ದಲೀಲುಲ್ ಹಜ್ಜ್. ಎಲ್ಲ ದಿಕ್ಕಿನಿಂದ ಮಕ್ಕಾ ಮದೀನಾಕ್ಕೆ ಬರುವವರಿಗೆ ಎಂದು ಅದರ ಹೆಸರಲ್ಲೇ ಇದೆ. ಮೂವತ್ತೈದು ವರ್ಷ ನಡೆದು, ಅಳೆದು, ನೋಡಿ ತಿಳಿದದ್ದನ್ನು ಸಾಮಾನ್ಯ ಹಾಜಿಗೆ ಉಪಯೋಗ ಆಗುವ ಹಾಗೆ ಕೊಟ್ಟು ಹೋದರು.

1902ರಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ದಮಾಸ್ಕಸಿನಿಂದ ಮದೀನಾಕ್ಕೆ ಹಿಜಾಝ್ ರೈಲಿನ ಕೆಲಸ ಶುರುವಾಗಿ ಎರಡು ವರ್ಷ ಆಗಿತ್ತು. 1908ರಲ್ಲಿ ರೈಲು ಮದೀನಾ ಮುಟ್ಟಿತು. ಒಂಟೆಯ ಕಾಲದ ಗಂಟೆ ಲೆಕ್ಕಗಳು ಹಳೆಯದಾದವು. ಚಿತ್ರಗಳು ಮಾತ್ರ ಹಳೆಯದಾದಷ್ಟೂ ಬೆಲೆ ಬಂತು.

ಹೆಸರು ಉಳಿದವರು, ಅಳಿಸಿದವರು

ಸಾದಿಕರಿಗೆ ಸಿಗಬೇಕಾದ ಹೆಸರು ಬೇಗ ಸಿಗಲಿಲ್ಲ. ಅವರು ಬರೆದದ್ದು ಅರಬಿಯಲ್ಲಿ, ಓದಿದವರು ಕಡಿಮೆ. 1885ರಲ್ಲಿ ಹಾಲೆಂಡಿನ ಸ್ನೂಕ್ ಹರ್‌ಗ್ರೋನ್ಯೆ ಎಂಬ ವಿದ್ವಾಂಸ ಮಕ್ಕಾದಲ್ಲಿ ಕೆಲವು ತಿಂಗಳು ಇದ್ದು, ವಾಪಸು ಹೋಗಿ ಚಿತ್ರಗಳ ಸಮೇತ ಪುಸ್ತಕ ತಂದರು. ಆ ಪುಸ್ತಕಗಳು ಯೂರೋಪಿನಲ್ಲಿ ಹೆಸರು ಮಾಡಿದವು. ಹಾಗಾಗಿ ಮಕ್ಕಾದ ಮೊದಲ ಫೋಟೋಗಳು ಅವೇ ಎಂದು ಬಹಳ ಕಾಲ ಅನೇಕರು ನಂಬಿದ್ದರು. ಆ ಚಿತ್ರಗಳಲ್ಲಿ ಹೆಚ್ಚಿನವನ್ನು ತೆಗೆದವರು ಅಬ್ದುಲ್ ಗಫ್ಫಾರ್ ಎಂಬ ಮಕ್ಕಾದ ವೈದ್ಯರು. ಚಿತ್ರದ ಮೇಲೆ ಅವರು ಹಾಕಿದ್ದ ಸಹಿಯನ್ನು ಅಚ್ಚಿನಲ್ಲಿ ತೆಗೆದುಹಾಕಲಾಗಿತ್ತು. ಹೀಗೆ ಒಬ್ಬರ ಹೆಸರನ್ನು ಅಳಿಸಿದ್ದಾಯಿತು, ಅವರಿಗಿಂತ ಮುಂಚಿನವರನ್ನು ಮರೆತದ್ದಾಯಿತು. ಸಾದಿಕ್ ತಮ್ಮ ಚಿತ್ರಗಳಿಗೆ ಸಹಿ ಹಾಕಿದ್ದರು, ತಮ್ಮ ಹೆಸರಲ್ಲೇ ಪುಸ್ತಕ ಬರೆದಿದ್ದರು. ಆದ್ದರಿಂದಲೇ ಮುಂದಿನವರು ಹುಡುಕಿದಾಗ ಸಿಕ್ಕಿದರು.

ಅವರು ಹಾಕಿಕೊಟ್ಟ ದಾರಿಯಲ್ಲಿ ಮತ್ತೆ ಹಲವರು ನಡೆದರು. ಮಹ್ಮಲಿನ ಜೊತೆ ಹೋಗುತ್ತಿದ್ದ ಇನ್ನೊಬ್ಬ ಈಜಿಪ್ಟಿನ ಅಧಿಕಾರಿ ಇಬ್ರಾಹೀಂ ರಿಫ್‌ಅತ್ ಪಾಶಾ ನೂರಾರು ಚಿತ್ರಗಳ ಜೊತೆ ಮಿರ್‌ಆತುಲ್ ಹರಮೈನ್ ಎಂಬ ದೊಡ್ಡ ಗ್ರಂಥವನ್ನು 1925ರಲ್ಲಿ ತಂದರು. ನಮ್ಮ ಭಾರತದವರೂ ಇದ್ದಾರೆ. ದಿಲ್ಲಿಯ ಎಚ್.ಎ. ಮಿರ್ಝಾ 1907ರ ಆಸುಪಾಸಿನಲ್ಲಿ ಮಕ್ಕಾ ಮದೀನಾದ ಚಿತ್ರಗಳನ್ನು ಉರ್ದು ವಿವರಣೆ ಸಮೇತ ತಂದು ಹಿಂದುಸ್ತಾನದ ಜನರಿಗೆ ಕೊಟ್ಟರು. ನಮ್ಮ ಚಾವಡಿಯ ಗೋಡೆಗಳಿಗೆ ಈ ಚಿತ್ರಗಳು ಬರುವ ಪದ್ಧತಿ ಬೆಳೆದದ್ದು ಇಂಥವರಿಂದ.

ಚಿತ್ರದಲ್ಲಿ ಉಳಿದದ್ದು

ಆ ಕಾಲದ ಮಕ್ಕಾ ಚಿತ್ರಗಳನ್ನು ನಾವು ದರ್ಸಿನ ಮಕ್ಕಳಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಕಅಬಾದ ಸುತ್ತ ಇರುವ ಈ ಸಣ್ಣ ಸಣ್ಣ ಮನೆಗಳು ಯಾವುದು ಅಂತ. ಅವು ಮನೆಗಳಲ್ಲ. ನಾಲ್ಕು ಮದ್ಹಬಿನ ಇಮಾಮರು ನಿಲ್ಲುತ್ತಿದ್ದ ಜಾಗಗಳು. ಆಗ ಹರಮಿನಲ್ಲಿ ಹನಫೀ, ಶಾಫಿಈ, ಮಾಲಿಕೀ, ಹಂಬಲೀ ಎಂದು ನಾಲ್ಕು ಇಮಾಮರು ಇದ್ದರು. ನಮ್ಮ ಶಾಫಿಈ ಇಮಾಮರ ಜಾಗ ಝಮ್‌ಝಮ್ ಬಾವಿಯ ಕಟ್ಟಡದ ಮೇಲ್ಭಾಗದಲ್ಲಿತ್ತು. ಕರಾವಳಿಯಿಂದ ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, ಜಿದ್ದಾದಲ್ಲಿ ಇಳಿದು, ಒಂಟೆಯಲ್ಲಿ ಮಕ್ಕಾ ಸೇರಿದ ನಮ್ಮ ಹಿರಿಯರು ಸಫ್ ಕಟ್ಟಿದ್ದು ಈ ನೋಟದ ಮುಂದೆ. ಮಖಾಮು ಇಬ್ರಾಹೀಮಿನ ಮೇಲೆ ಒಂದು ಕಟ್ಟಡ ಇತ್ತು, ಬನೀ ಶೈಬಾ ಎಂಬ ಕಮಾನು ಇತ್ತು. ಸಫಾ ಮರ್ವಾ ನಡುವಿನ ದಾರಿಯಲ್ಲಿ ಅಂಗಡಿ ಸಾಲು ಇತ್ತು, ಸಯ್ ಮಾಡುವವರು ಮಾರುಕಟ್ಟೆಯ ಗದ್ದಲದ ನಡುವೆಯೇ ನಡೆಯಬೇಕಿತ್ತು. ಬೆಟ್ಟದ ಮೇಲೆ ಅಜ್ಯಾದ್ ಕೋಟೆ ನಿಂತಿತ್ತು.

ಇವತ್ತು ಹೋದವರಿಗೆ ಇದರಲ್ಲಿ ಒಂದೂ ಕಾಣುವುದಿಲ್ಲ. 1955ರಿಂದ ಹರಮ್ ದೊಡ್ಡದು ಮಾಡುವ ಕೆಲಸ ಶುರುವಾಯಿತು. ಸಾವಿರಗಟ್ಟಲೆ ಇದ್ದ ಹಾಜಿಗಳು ಲಕ್ಷಗಟ್ಟಲೆ ಆದಾಗ ಜಾಗ ಮಾಡಲೇಬೇಕು, ಅದು ಅಗತ್ಯ. ಅಜ್ಯಾದ್ ಕೋಟೆ 2002ರಲ್ಲಿ ಹೋಯಿತು. ಯಾವುದು ಇರಬೇಕಿತ್ತು, ಯಾವುದು ಹೋಗಬೇಕಿತ್ತು ಎಂದು ತೀರ್ಪು ಕೊಡುವಷ್ಟು ನಾವು ದೊಡ್ಡವರಲ್ಲ. ಆದರೆ ಹೋದದ್ದು ಹೇಗಿತ್ತು ಎಂದು ತಿಳಿಯಲು ಈಗ ಉಳಿದಿರುವುದು ಬರಹ ಮತ್ತು ಆ ಗಾಜಿನ ಹಲಗೆಯ ಚಿತ್ರಗಳು. ಸಾದಿಕರ ಮೂಲ ಚಿತ್ರಗಳಲ್ಲಿ ಕೆಲವು ಈಗ ಲಂಡನಿನ ಖಲೀಲಿ ಸಂಗ್ರಹದಲ್ಲಿವೆ.

ಒಂದು ವಿಷಯ ಹೇಳದೆ ಮುಗಿಸಲು ಮನಸ್ಸು ಬರುವುದಿಲ್ಲ. ನಾವು ಸಣ್ಣವರಿದ್ದಾಗ ಓದಿದ ಮೊಹಲ್ಲಾದ ಮಸೀದಿಗೆ ಹಂಚಿನ ಮಾಡು ಇತ್ತು. ಮರದ ಕಂಬಗಳು, ಬಾಗಿಲಿನ ಮೇಲೆ ಕೆತ್ತಿದ ಹೂಬಳ್ಳಿ, ಪಕ್ಕದಲ್ಲಿ ಕೆಂಪು ಕಲ್ಲಿನ ಹೌಳ್. ಜನ ಹೆಚ್ಚಾದರು, ಮಳೆಗೆ ಮಾಡು ಸೋರುತ್ತಿತ್ತು, ಹೊಸದು ಕಟ್ಟಬೇಕಾಯಿತು. ಕಟ್ಟಿದ್ದು ತಪ್ಪಲ್ಲ. ಆದರೆ ಕೆಡವುವ ಮುಂಚೆ ಒಂದು ಒಳ್ಳೆಯ ಫೋಟೋ ತೆಗೆಯಬೇಕು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಗ ನಾವೂ ಅಲ್ಲಿಯೇ ಕಲ್ಲು ಹೊರುತ್ತಿದ್ದೆವು. ಈಗ ಮಕ್ಕಳು ಆ ಹಳೆ ಪಳ್ಳಿ ಹೇಗಿತ್ತು ಎಂದು ಕೇಳಿದರೆ ಕೈ ಆಡಿಸಿ ಹೇಳಬೇಕು. ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಹೇಳುವುದಿಲ್ಲ. ಬಾಗಿಲಿನ ಮೇಲೆ ಎಷ್ಟು ಹೂ ಇತ್ತು ಎನ್ನುವಲ್ಲೇ ಜಗಳ ಆಗುತ್ತದೆ.

ಮರುಭೂಮಿಯಲ್ಲಿ ಕುಡಿಯುವ ನೀರಿಗೆ ತತ್ವಾರ ಇದ್ದಾಗ, ಯಾರೂ ಹೇಳದೆ, ಒಬ್ಬ ಮನುಷ್ಯ ಗಾಜಿನ ಹಲಗೆ ತೊಳೆದು ಚಿತ್ರ ಉಳಿಸಿ ಕೊಟ್ಟರು. ನಮ್ಮ ಪ್ರತಿಯೊಬ್ಬರ ಜೇಬಿನಲ್ಲೂ ಇವತ್ತು ಅದಕ್ಕಿಂತ ಒಳ್ಳೆಯ ಕ್ಯಾಮರಾ ಇದೆ. ಅದರಲ್ಲಿ ಬಿರಿಯಾನಿಯ ಚಿತ್ರ ಇದೆ, ಮದುವೆ ಮನೆಯ ಚಪ್ಪರದ ಚಿತ್ರ ಇದೆ. ನಮ್ಮ ಊರಿನ ಹಳೆ ಪಳ್ಳಿಯ ಬಾಗಿಲು, ಅಜ್ಜನ ಮನೆಯ ಜಗಲಿ, ಹಳೆ ಮದ್ರಸದ ಬೆಂಚು ಇದೆಯೇ? ಇಲ್ಲದಿದ್ದರೆ ಈ ವಾರವೇ ಹೋಗಿ ತೆಗೆಯಿರಿ. ತೆಗೆದ ಮೇಲೆ ಯಾವ ಊರು, ಯಾವ ದಿನ, ತೆಗೆದವರು ಯಾರು ಎಂದು ಬರೆದಿಡಿ. ಹೆಸರು ಬರೆಯದ ಚಿತ್ರ ಎರಡು ತಲೆಮಾರು ಕಳೆದರೆ ಯಾರದ್ದೂ ಅಲ್ಲದ್ದಾಗುತ್ತದೆ.

ಪ್ರಶ್ನೆ ಕೇಳಿದ ಆ ಹುಡುಗನಿಗೆ ಉತ್ತರ ಹೇಳಿದ ದಿನ ಅವನು ಮನೆಗೆ ಹೋಗಿ ಗೋಡೆಯ ಚಿತ್ರವನ್ನು ಇಳಿಸಿ, ಹಿಂದೆ ಯಾರ ಹೆಸರಾದರೂ ಇದೆಯೇ ಎಂದು ನೋಡಿದನಂತೆ. ಅವನ ಉಮ್ಮ ಬಂದು ನಗುತ್ತಾ ದೂರು ಹೇಳಿದರು. ಅವನ ಆ ಕುತೂಹಲವನ್ನು ಅಲ್ಲಾಹನು ಹೆಚ್ಚಿಸಲಿ. ಸಾದಿಕ್ ಪಾಶಾರಿಗೆ ಮಗ್‌ಫಿರತ್ ನೀಡಲಿ. ಅವರು ಚಿತ್ರದಲ್ಲಿ ತೋರಿಸಿದ ಆ ಎರಡು ಊರುಗಳನ್ನು ಕಣ್ಣಾರೆ ನೋಡುವ ಭಾಗ್ಯವನ್ನು, ಇನ್ನೂ ಹೋಗಲಾಗದೆ ಗೋಡೆಯ ಚಿತ್ರ ನೋಡುತ್ತಾ ಕುಳಿತ ನಮ್ಮ ಎಲ್ಲ ಉಮ್ಮಂದಿರಿಗೆ ಕರುಣಿಸಲಿ. ಆಮೀನ್.